ಎರಡು ಚಕ್ರವೋ, ನಾಲ್ಕು ಚಕ್ರವೋ? ಮಲೆನಾಡಿನ ಮನೆಗೆ ಟ್ರೇಲರ್ ಆರಿಸುವ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಟ್ರ್ಯಾಕ್ಟರ್ ಕೊಳ್ಳುವ ಮೊದಲು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಎಷ್ಟು ಅಶ್ವಶಕ್ತಿಯದು, ಯಾವ ಕಂಪನಿಯದು, ಡೀಸೆಲ್ ಎಷ್ಟು ಕುಡಿಯುತ್ತದೆ, ಸಾಲ ಎಲ್ಲಿ ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಟ್ರೇಲರಿನ ಮಾತು ಬರುವುದು ಕಟ್ಟಕಡೆಗೆ. ವರ್ಕ್‌ಶಾಪಿನ ಅಂಗಳದಲ್ಲಿ ಬಣ್ಣ ಬಳಿದು ನಿಲ್ಲಿಸಿದ ಎರಡು ಟ್ರೇಲರುಗಳಲ್ಲಿ ಒಂದನ್ನು ಅರ್ಧ ಗಂಟೆಯಲ್ಲಿ ಆರಿಸಿ ಮುಂಗಡ ಕೊಟ್ಟು ಬರುವವರೇ ಹೆಚ್ಚು. ಆದರೆ ಮನೆಯ ರಸ್ತೆಯ ಏರಿನಲ್ಲಿ, ಮಳೆಗಾಲದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಮ್ಮ ಮಾತು ಕೇಳುತ್ತದೆಯೋ ಇಲ್ಲವೋ ಎಂಬುದನ್ನು ಎಂಜಿನ್ನಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅದರ ಹಿಂದೆ ಕಟ್ಟಿದ ಈ ಪೆಟ್ಟಿಗೆ.

ಹೊಸನಗರ ತಾಲ್ಲೂಕಿನ ನನ್ನ ಪರಿಚಯದ ಒಂದು ಮನೆಯಲ್ಲಿ ಈ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಸಣ್ಣ ಜಗಳವೇ ಆಯಿತು. ಅಣ್ಣನಿಗೆ ನಾಲ್ಕು ಚಕ್ರದ ಟ್ರೇಲರ್ ಬೇಕಿತ್ತು. "ನಾಲ್ಕು ಕಾಲಿದ್ರೆ ಭದ್ರ ಅಲ್ವನೋ?" ಎಂಬುದು ಅವರ ವಾದ. ತಮ್ಮ ಒಪ್ಪಲಿಲ್ಲ. "ಅಣ್ಣಯ್ಯ, ಅದನ್ನ ನಮ್ಮ ಅಂಗಳಕ್ಕೆ ಹಿಂದಕ್ಕೆ ತಗೊಂಡು ಹೋಗಿ ತೋರ್ಸು, ಆಮೇಲೆ ಮಾತಾಡಣ" ಎಂದ. ಇಬ್ಬರ ಮಾತಿನಲ್ಲೂ ನಿಜವಿತ್ತು. ಆ ನಿಜದ ಪ್ರಮಾಣ ಎಷ್ಟು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೂಕಿ ಕಲಿಸಿದ ಪಾಠ

ಎತ್ತಿನ ಗಾಡಿ ಹೊಡೆದವರಿಗೆ ಈ ಲೆಕ್ಕದ ತಿರುಳು ಹೊಸದಲ್ಲ. ಗಾಡಿಗೆ ಒಂದೇ ಅಚ್ಚು. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಭಾರವೆಲ್ಲ ಮುಂದೆ ಬಿದ್ದರೆ ನೊಗ ಹೆಗಲನ್ನು ಜಜ್ಜುತ್ತದೆ. ಹಳಬರು ಮೂಟೆ ಹೇರಿದ ಮೇಲೆ ಒಮ್ಮೆ ಮೂಕಿ ಹಿಡಿದು ಎತ್ತಿ ನೋಡಿ, ಒಂದೆರಡು ಮೂಟೆಯನ್ನು ಹಿಂದೆಮುಂದೆ ಸರಿಸಿಯೇ ಎತ್ತು ಕಟ್ಟುತ್ತಿದ್ದರು. ಭೌತವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಸನ್ನೆಯ ನಿಯಮ ಎಂದು ಹೆಸರು. ಅಚ್ಚು ಆಧಾರ ಬಿಂದು. ಹೇರಿದ ಸರಕಿನ ಗುರುತ್ವ ಕೇಂದ್ರ ಅಚ್ಚಿನಿಂದ ಎಷ್ಟು ಮುಂದೆ ಇದೆಯೋ ಅದಕ್ಕೆ ತಕ್ಕಂತೆ ನೊಗದ ಮೇಲೆ ಭಾರ ಬೀಳುತ್ತದೆ.

ಎರಡು ಚಕ್ರದ ಟ್ರೇಲರ್ ಎಂದರೆ ಇದೇ ಗಾಡಿ. ನೊಗದ ಜಾಗದಲ್ಲಿ ಟ್ರ್ಯಾಕ್ಟರಿನ ಹಿಂದಿನ ಕೊಂಡಿ. ಒಂದು ಮಾದರಿ ಲೆಕ್ಕ ಹಾಕೋಣ. ಕೊಂಡಿಯಿಂದ ಟ್ರೇಲರಿನ ಅಚ್ಚಿಗೆ 3 ಮೀಟರ್ ದೂರ ಇರಲಿ. ಟ್ರೇಲರ್ ಮತ್ತು ಸರಕು ಸೇರಿ 3,000 ಕಿ.ಗ್ರಾಂ. ಗುರುತ್ವ ಕೇಂದ್ರ ಅಚ್ಚಿನಿಂದ 40 ಸೆಂ.ಮೀ. ಮುಂದೆ. ಆಗ ಕೊಂಡಿಯ ಮೇಲಿನ ಭಾರ 3,000 × 0.4 ÷ 3, ಅಂದರೆ 400 ಕಿ.ಗ್ರಾಂ. ಉಳಿದ 2,600 ಕಿ.ಗ್ರಾಂ. ಟ್ರೇಲರಿನ ಚಕ್ರಗಳ ಮೇಲೆ.

ಈ 400 ಕಿ.ಗ್ರಾಂ. ಟ್ರ್ಯಾಕ್ಟರಿಗೆ ಏನು ಮಾಡುತ್ತದೆ? ಕೊಂಡಿ ಇರುವುದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಹಿಂದೆ, ಸುಮಾರು 60 ಸೆಂ.ಮೀ. ಎಂದುಕೊಳ್ಳಿ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2 ಮೀಟರ್. ಇಲ್ಲಿ ಟ್ರ್ಯಾಕ್ಟರೇ ಇನ್ನೊಂದು ಸನ್ನೆ. ಹಿಂಬದಿಯಲ್ಲಿ ಒತ್ತಿದಾಗ ಮುಂಬದಿ ಏಳಬೇಕು. 400 × 0.6 ÷ 2 = 120 ಕಿ.ಗ್ರಾಂ. ಭಾರ ಮುಂದಿನ ಚಕ್ರಗಳಿಂದ ಕಳೆದುಹೋಗಿ ಹಿಂದಿನ ಚಕ್ರಗಳಿಗೆ ಸೇರುತ್ತದೆ. ಒಟ್ಟಿನಲ್ಲಿ ಹಿಂದಿನ ಚಕ್ರಗಳಿಗೆ ಸಿಗುವ ಹೆಚ್ಚುವರಿ ಭಾರ 520 ಕಿ.ಗ್ರಾಂ. 1,900 ಕಿ.ಗ್ರಾಂ. ತೂಗುವ ಟ್ರ್ಯಾಕ್ಟರಿನಲ್ಲಿ ಮೊದಲು ಮುಂದೆ 720, ಹಿಂದೆ 1,180 ಇತ್ತು ಎಂದಿಟ್ಟುಕೊಂಡರೆ, ಈಗ ಮುಂದೆ 600, ಹಿಂದೆ 1,700.

ಭಾರವನ್ನು ಅಚ್ಚಿನ ಹಿಂದೆ ಹೇರಿದರೆ ಇದೆಲ್ಲ ತಲೆಕೆಳಗು. ಗುರುತ್ವ ಕೇಂದ್ರ ಅಚ್ಚಿಗಿಂತ 30 ಸೆಂ.ಮೀ. ಹಿಂದೆ ಸರಿದರೆ ಕೊಂಡಿ ಟ್ರ್ಯಾಕ್ಟರನ್ನು 300 ಕಿ.ಗ್ರಾಂ. ಬಲದಿಂದ ಮೇಲೆತ್ತುತ್ತದೆ. ಎಳೆಯುವ ಚಕ್ರಗಳೇ ಹಗುರಾಗಿ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗುತ್ತವೆ. ಅಡಿಕೆ ಮರದ ದಬ್ಬೆಗಳನ್ನೋ ಉದ್ದನೆಯ ಕಂಬಗಳನ್ನೋ ಟ್ರೇಲರಿನಿಂದ ಹಿಂದಕ್ಕೆ ಚಾಚಿ ಹೇರಿದಾಗ ಆಗುವುದು ಇದೇ.

ಐದನೆಯ ಚಕ್ರ ಎಲ್ಲಿದೆ?

ನಾಲ್ಕು ಚಕ್ರದ ಟ್ರೇಲರಿನಲ್ಲಿ ಭಾರವನ್ನೆಲ್ಲ ಅದರದೇ ಎರಡು ಅಚ್ಚುಗಳು ಹೊರುತ್ತವೆ. ಟ್ರ್ಯಾಕ್ಟರಿನ ಮೇಲೆ ಬೀಳುವುದು ಎಳೆಗೋಲಿನ ತೂಕ ಮಾತ್ರ. ತಿರುವಿನಲ್ಲಿ ಮುಂದಿನ ಅಚ್ಚು ತಿರುಗಬೇಕಲ್ಲ, ಅದಕ್ಕಾಗಿ ಪೆಟ್ಟಿಗೆಯ ಅಡಿಗೆ ಒಂದರ ಮೇಲೊಂದು ಜಾರುವ ಎರಡು ದೊಡ್ಡ ಉಕ್ಕಿನ ಬಳೆಗಳಿವೆ. ವರ್ಕ್‌ಶಾಪಿನವರು ಅದನ್ನು ಟರ್ನ್‌ಟೇಬಲ್ ಎನ್ನುತ್ತಾರೆ. ಯೂರೋಪಿನ ಕುದುರೆ ಸಾರೋಟುಗಳಲ್ಲೂ ಮುಂದಿನ ಅಚ್ಚಿನ ಮೇಲೆ ಇಂಥದೇ ಬಳೆ ಇರುತ್ತಿತ್ತು. ನೆಲ ಮುಟ್ಟದೆ ಅಡ್ಡಡ್ಡ ಮಲಗಿರುವ ಆ ಬಳೆಗೆ ಇಂಗ್ಲಿಷಿನವರು ಇಟ್ಟ ಹೆಸರು 'ಫಿಫ್ತ್ ವೀಲ್', ಐದನೆಯ ಚಕ್ರ.

ಅದೇ ಹೆಸರು ಈಗ ಹೆದ್ದಾರಿಯ ಕಂಟೇನರ್ ಲಾರಿಗಳಿಗೆ ಬಂದಿದೆ. ಅವುಗಳ ಎಳೆಯುವ ವಾಹನದ ಬೆನ್ನ ಮೇಲೆ ಗ್ರೀಸ್ ಬಳಿದ ಕುದುರೆಲಾಳದ ಆಕಾರದ ತಟ್ಟೆ ಇರುತ್ತದೆ. ಹಿಂದಿನ ಟ್ರೇಲರಿನ ಅಡಿಯ ದಪ್ಪ ಗೂಟ, ಅಂದರೆ ಕಿಂಗ್‌ಪಿನ್, ಆ ತಟ್ಟೆಯ ಬಾಯಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಕುಟುಂಬಗಳು ಅಡುಗೆಮನೆ, ಮಲಗುವ ಕೋಣೆ ಸಮೇತ ಪಿಕಪ್ ಹಿಂದೆ ಎಳೆದುಕೊಂಡು ಹೋಗುವ ಪ್ರವಾಸದ ಟ್ರೇಲರುಗಳಲ್ಲೂ ಇದೇ ಜೋಡಣೆ ಇದೆ. ವಿಮಾನ ತಯಾರಿಕೆಯ ಆದ್ಯರಲ್ಲಿ ಒಬ್ಬನಾದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ ಇಂಥ ಒಂದು ಮನೆಗಾಡಿಯನ್ನು ಮಾರಾಟಕ್ಕೆ ತಂದಿದ್ದ. ಕುಲುಕಾಟ ತಗ್ಗಿಸಲು ಆತ ಜೋಡಣೆಯ ಜಾಗದಲ್ಲಿ ಗಾಳಿ ತುಂಬಿದ ಟೈರನ್ನೇ ಅಡ್ಡ ಮಲಗಿಸಿದ್ದ.

ಈ ಜೋಡಣೆಯ ಜಾಣ್ಮೆ ಇರುವುದು ತಟ್ಟೆ ಕೂರುವ ಜಾಗದಲ್ಲಿ. ಅದು ವಾಹನದ ಹಿಂದಿನ ಅಚ್ಚಿನ ನೇರ ಮೇಲೆ ಅಥವಾ ಸ್ವಲ್ಪ ಮುಂದೆ ಇರುತ್ತದೆ. ಹಾಗಾಗಿ ಟ್ರೇಲರಿನ ತೂಕದಲ್ಲಿ ಐದನೆಯ ಒಂದು ಪಾಲಿನಷ್ಟು ಬೆನ್ನ ಮೇಲೆ ಬಿದ್ದರೂ ಮುಂದಿನ ಚಕ್ರಗಳು ಮೇಲೇಳುವುದಿಲ್ಲ. ನಮ್ಮ ಟ್ರ್ಯಾಕ್ಟರಿನಲ್ಲಿ ಕೊಂಡಿಯನ್ನು ಹಿಂದಿನ ಅಚ್ಚಿನ ಮೇಲೆ ತರುವಂತಿಲ್ಲ, ಅಲ್ಲಿ ಚಾಲಕ ಕೂತಿದ್ದಾನೆ. ಆದ್ದರಿಂದ ನಮಗೆ ಉಳಿಯುವ ಆಯ್ಕೆ ಎರಡೇ: ಭಾರದ ಒಂದಂಶವನ್ನು ಟ್ರ್ಯಾಕ್ಟರಿನ ಹಿಂಬದಿಗೆ ಹೊರಿಸುವ ಎರಡು ಚಕ್ರದ ಟ್ರೇಲರ್, ಇಲ್ಲವೇ ಏನನ್ನೂ ಹೊರಿಸದ ನಾಲ್ಕು ಚಕ್ರದ್ದು.

ಒಂದೇ ಏರು, ಎರಡು ಲೆಕ್ಕ

ಎಂಟು ಅಡಿ ದೂರಕ್ಕೆ ಒಂದು ಅಡಿ ಏರುವ ಜಂಬಿಟ್ಟಿಗೆ ಮಣ್ಣಿನ ರಸ್ತೆ ನಮ್ಮ ಕಡೆ ಅಪರೂಪವಲ್ಲ. ತೋಟ ಕಣಿವೆಯಲ್ಲಿ, ರಸ್ತೆ ಗುಡ್ಡದ ಮೇಲೆ ಎಂಬುದು ಇಲ್ಲಿನ ಭೂಮಿಯ ರಚನೆ. ಮೇಲಿನ 3,000 ಕಿ.ಗ್ರಾಂ. ಟ್ರೇಲರನ್ನು ಈ ಏರಿನಲ್ಲಿ ಹತ್ತಿಸಲು ಹಿಂದಿನ ಚಕ್ರಗಳು ಸುಮಾರು 800 ಕಿ.ಗ್ರಾಂ. ಬಲದಿಂದ ನೆಲವನ್ನು ಒದೆಯಬೇಕು. ಇದರಲ್ಲಿ ಟ್ರ್ಯಾಕ್ಟರ್ ತಾನೇ ಮೇಲೇರುವ ಬಲವೂ ಸೇರಿದೆ. ಚಕ್ರಕ್ಕೂ ನೆಲಕ್ಕೂ ಇರುವ ಹಿಡಿತ ಚಕ್ರದ ಮೇಲಿನ ಭಾರದ ಶೇಕಡ 45ರಷ್ಟು ಎಂದು ಇಟ್ಟುಕೊಳ್ಳಿ. ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ವಾಲುವುದರಿಂದಲೂ ಎಳೆತದಿಂದಲೂ ಇನ್ನಷ್ಟು ಭಾರ ಹಿಂದಿನ ಚಕ್ರಕ್ಕೆ ಸೇರುತ್ತದೆ. ಅದನ್ನೂ ಕೂಡಿಸಿದರೆ ಎರಡು ಚಕ್ರದ ಟ್ರೇಲರ್ ಕಟ್ಟಿದಾಗ ಹಿಂದಿನ ಚಕ್ರಗಳ ಮೇಲೆ ಸುಮಾರು 1,900 ಕಿ.ಗ್ರಾಂ., ಸಿಗುವ ಹಿಡಿತ 850. ಹತ್ತುತ್ತದೆ. ನಾಲ್ಕು ಚಕ್ರದ್ದು ಕಟ್ಟಿದಾಗ 1,380 ಕಿ.ಗ್ರಾಂ., ಹಿಡಿತ 620. ಎಂಜಿನ್ನಿನಲ್ಲಿ ಎಷ್ಟೇ ಅಶ್ವಶಕ್ತಿ ಇದ್ದರೂ ಚಕ್ರ ನಿಂತಲ್ಲೇ ಸುತ್ತುತ್ತದೆ.

ಹಾಗೆಂದು ಎರಡು ಚಕ್ರದ್ದೇ ಗೆದ್ದಿತು ಎಂದು ಕೈ ತಟ್ಟುವಂತಿಲ್ಲ. ಅದೇ ಏರಿನಲ್ಲಿ ಮುಂದಿನ ಚಕ್ರಗಳ ಗತಿ ನೋಡಿ. 720ರಲ್ಲಿ 120 ಕೊಂಡಿಯ ಭಾರಕ್ಕೆ ಹೋಯಿತು. ವಾಲುವಿಕೆ ಮತ್ತು ಎಳೆತಕ್ಕೆ ಇನ್ನು 200 ಹೋದರೆ ಉಳಿದದ್ದು 400. ಸ್ಟಿಯರಿಂಗ್ ತಿರುಗಿಸಿದತ್ತ ಟ್ರ್ಯಾಕ್ಟರ್ ಹೋಗಬೇಕಾದರೆ ಅದರ ತೂಕದ ಐದನೆಯ ಒಂದು ಪಾಲಾದರೂ ಮುಂಚಕ್ರಗಳ ಮೇಲಿರಬೇಕು ಎಂಬುದು ರೂಢಿಯ ಲೆಕ್ಕ. ನಮ್ಮ ಟ್ರ್ಯಾಕ್ಟರಿಗೆ ಅದು 380 ಕಿ.ಗ್ರಾಂ. ಅಂದರೆ ಗೆರೆಯ ಮೇಲೆಯೇ ನಿಂತಿದ್ದೇವೆ.

ಈಗ ಅದೇ ಪೆಟ್ಟಿಗೆಗೆ ತೋಟಕ್ಕೆ ಹಾಕುವ ಒದ್ದೆ ಮಣ್ಣನ್ನು ಅಂಚಿನವರೆಗೆ ತುಂಬಿ ನೋಡಿ. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಎಂದರೆ 90 ಘನ ಅಡಿ, ಸುಮಾರು ಎರಡೂವರೆ ಘನ ಮೀಟರ್. ದರಕು ತುಂಬಿದರೆ ಕೆಲವು ನೂರು ಕಿಲೋ ಆದೀತು. ಘನ ಮೀಟರಿಗೆ ಒಂದೂವರೆ ಟನ್ ತೂಗುವ ಮಣ್ಣು ತುಂಬಿದರೆ 3,800 ಕಿ.ಗ್ರಾಂ.! ಟ್ರೇಲರಿನ ಸ್ವಂತ ತೂಕ 900 ಸೇರಿದರೆ 4,700. ಮುಂಚಕ್ರಗಳ ಮೇಲೆ ಉಳಿಯುವುದು 265 ಕಿ.ಗ್ರಾಂ. ಮಾತ್ರ. ಒಂದು ಕಲ್ಲು ಅಡ್ಡ ಬಂದು ಟ್ರ್ಯಾಕ್ಟರ್ ಮುಗ್ಗರಿಸಿದರೂ, ಕ್ಲಚ್ಚನ್ನು ತಟ್ಟನೆ ಬಿಟ್ಟರೂ ಮುಂಗಾಲು ಎದ್ದೀತು. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಬೀಳಲು ಬೇಕಾಗುವ ಸಮಯ ಸುಮಾರು ಒಂದೂವರೆ ಸೆಕೆಂಡ್. ಚಾಲಕನಿಗೆ ಯೋಚಿಸಲೂ ಪುರಸತ್ತು ಇರುವುದಿಲ್ಲ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಚೌಕಟ್ಟಿಲ್ಲದ ಟ್ರ್ಯಾಕ್ಟರುಗಳು ಇನ್ನೂ ಎಷ್ಟೋ ಅಂಗಳಗಳಲ್ಲಿವೆ.

ಕೊಂಡಿಯ ಎತ್ತರದ ಬಗೆಗೂ ಇಲ್ಲೇ ಒಂದು ಮಾತು. ಎಳೆಯುವ ಜಾಗ ಎಷ್ಟು ಮೇಲಿದ್ದರೆ ಮುಂಗಾಲು ಅಷ್ಟು ಬೇಗ ಏಳುತ್ತದೆ. ಕೆಸರಲ್ಲಿ ಹೂತ ಟ್ರೇಲರನ್ನು ಎಳೆಯಲು ಸರಪಳಿಯನ್ನು ಹಿಂದಿನ ಅಚ್ಚಿಗೋ ಅದಕ್ಕೂ ಮೇಲಿನ ಕೊಂಡಿಗೋ ಕಟ್ಟುವ ಅಭ್ಯಾಸ ಕೆಲವರಿಗಿದೆ. ಅದನ್ನು ಮಾಡಲೇಬಾರದು.

ಇಳಿಯುವಾಗ

ಏರಿನಲ್ಲಿ ಚಕ್ರ ಸುತ್ತಿದರೆ ಮರ್ಯಾದೆ ಮಾತ್ರ ಹೋಗುತ್ತದೆ. ಇಳಿಜಾರಿನದು ಹಾಗಲ್ಲ. ನಮ್ಮಲ್ಲಿ ಓಡುವ ಬಹಳಷ್ಟು ಟ್ರೇಲರುಗಳಿಗೆ ಬ್ರೇಕಿಲ್ಲ. ಇಡೀ ಸರಣಿಯನ್ನು ತಡೆಯುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳು. ಅದೇ ರಸ್ತೆಯನ್ನು ಅದೇ ಭಾರದೊಂದಿಗೆ ಇಳಿಯುವಾಗ ವೇಗ ಏರದಂತೆ ಹಿಡಿದಿಡಲು ಬೇಕಾದ ಬಲ ಸುಮಾರು 440 ಕಿ.ಗ್ರಾಂ. ಎರಡು ಚಕ್ರದ ಟ್ರೇಲರ್ ಇದ್ದರೆ ಹಿಂದಿನ ಚಕ್ರಗಳ ಹಿಡಿತ ಸುಮಾರು 700. ಹಿಡಿದು, ಮೇಲೆ ಸ್ವಲ್ಪ ಉಳಿಯುತ್ತದೆ. ನಾಲ್ಕು ಚಕ್ರದ್ದಿದ್ದರೆ 470. ಹಿಡಿಯುತ್ತದೆ, ಆದರೆ ನಿಲ್ಲಿಸಲು ಉಳಿದದ್ದು ಏನೂ ಇಲ್ಲ. ಇದು ಒಣ ಮಣ್ಣಿನ ಮಾತು. ಆಗುಂಬೆ, ಹುಲಿಕಲ್ಲಿನಂಥ ಊರುಗಳ ಮಳೆಯಲ್ಲಿ ಪಾಚಿಗಟ್ಟಿದ ಜಂಬಿಟ್ಟಿಗೆಯ ಮೇಲೆ ಹಿಡಿತ ಶೇಕಡ 30ಕ್ಕೆ ಇಳಿದರೆ ಮೊದಲನೆಯದು 470, ಎರಡನೆಯದು 315. ನಾಲ್ಕು ಚಕ್ರದ ಟ್ರೇಲರ್ ಟ್ರ್ಯಾಕ್ಟರನ್ನು ತಳ್ಳಿಕೊಂಡೇ ಹೋಗುತ್ತದೆ. ತಳ್ಳುವಾಗ ನೇರವಾಗಿ ತಳ್ಳುವುದಿಲ್ಲ, ಕೊಂಡಿಯ ಬಳಿ ಸರಣಿ ಚಾಕುವಿನಂತೆ ಮಡಚಿಕೊಳ್ಳುತ್ತದೆ.

'ಸಣ್ಣ ಗೇರಿನಲ್ಲಿ ಇಳಿದರೆ ಏನೂ ಆಗುವುದಿಲ್ಲ' ಎಂಬ ನಂಬಿಕೆ ಅರ್ಧ ಸರಿ. ಸಣ್ಣ ಗೇರಿನಿಂದ ಬ್ರೇಕು ಕಾಯುವುದಿಲ್ಲ, ಚಕ್ರ ತಟ್ಟನೆ ಸಿಕ್ಕಿಬೀಳುವುದಿಲ್ಲ. ಆದರೆ ಎಂಜಿನ್ನಿನ ತಡೆಯೂ ನೆಲ ಮುಟ್ಟುವುದು ಅದೇ ಎರಡು ಹಿಂಚಕ್ರಗಳ ಮೂಲಕ. ಹಿಡಿತದ ಮಿತಿ ಅದರಿಂದ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಹೆಚ್ಚಿಸಬೇಕೆಂದರೆ ಟ್ರೇಲರಿನ ಚಕ್ರಗಳಿಗೇ ಬ್ರೇಕು ಬೇಕು. ನಾಲ್ಕು ಚಕ್ರದ್ದನ್ನೇ ಕೊಳ್ಳುವವರು ಬ್ರೇಕಿಲ್ಲದ್ದನ್ನು ಮನೆಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜೊತೆಗೆ, ಉಳುವಾಗ ಬೇರೆ ಬೇರೆಯಾಗಿ ಒತ್ತುವ ಎಡಬಲದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗಿಳಿಯುವ ಮೊದಲು ಚಿಲಕ ಹಾಕಿ ಒಂದು ಮಾಡಬೇಕು. ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರ್ ಆ ಬದಿಗೆ ತಿರುಗುತ್ತದೆ, ಹಿಂದಿನದು ನೇರ ಬರುತ್ತದೆ.

ಟಿಲ್ಲರಿಗೆ ಟ್ರೇಲರ್ ಕಟ್ಟುವವರೂ ಈ ಮೂರು ತಾಲ್ಲೂಕುಗಳಲ್ಲಿ ಬಹಳ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಸಂಸ್ಥೆಯ ಟಿಲ್ಲರುಗಳು ಮಲೆನಾಡಿನ ಗದ್ದೆಗೆ ಹಳೆಯ ಪರಿಚಯ. ಅವರಿಗೆ ಇಳಿಜಾರಿನಲ್ಲಿ ಒಂದು ವಿಚಿತ್ರ ಕಾದಿರುತ್ತದೆ. ಸಮನೆಲದಲ್ಲಿ ಎಡಗೈಯ ಸ್ಟಿಯರಿಂಗ್ ಕ್ಲಚ್ ಒತ್ತಿದರೆ ಎಡಚಕ್ರಕ್ಕೆ ಶಕ್ತಿ ತಪ್ಪಿ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಚಕ್ರಗಳನ್ನು ತಡೆಹಿಡಿದಿರುತ್ತದೆ. ಆಗ ಎಡದ ಕ್ಲಚ್ ಒತ್ತಿದರೆ ಎಡಚಕ್ರ ತಡೆಯಿಂದ ಬಿಡುಗಡೆಯಾಗಿ ಮುನ್ನುಗ್ಗುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ! ಹೊಸಬರು ಗಾಬರಿಯಿಂದ ಇನ್ನೂ ಬಿಗಿಯಾಗಿ ಒತ್ತುತ್ತಾರೆ. ಇಳಿಜಾರಿನಲ್ಲಿ ಸ್ಟಿಯರಿಂಗ್ ಕ್ಲಚ್ ಮುಟ್ಟದೆ ಹಿಡಿಯನ್ನೇ ದೂಡಿ ತಿರುಗಿಸುವುದು, ಟ್ರೇಲರಿನ ಕಾಲುಬ್ರೇಕು ಬಳಸುವುದು ಸರಿಯಾದ ದಾರಿ.

ಅಂಗಳ, ಉಣುಗೋಲು, ಕಣ

ತಮ್ಮ ಎತ್ತಿದ ಆಕ್ಷೇಪಕ್ಕೆ ಬರೋಣ. ಎರಡು ಚಕ್ರದ ಟ್ರೇಲರಿನ ಸರಣಿಯಲ್ಲಿ ಬಾಗುವ ಕೀಲು ಒಂದೇ. ನಾಲ್ಕು ಚಕ್ರದ್ದರಲ್ಲಿ ಎರಡು: ಕೊಂಡಿಯಲ್ಲಿ ಒಂದು, ಟರ್ನ್‌ಟೇಬಲಿನಲ್ಲಿ ಇನ್ನೊಂದು. ಹಿಂದಕ್ಕೆ ದೂಡುವಾಗ ಪ್ರತಿ ಕೀಲೂ ಮಡಚಿಕೊಳ್ಳಲು ಹವಣಿಸುತ್ತದೆ. ಅಂಗೈ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಆ ಕೋಲಿನ ತುದಿಯ ಮೇಲೆ ಇನ್ನೊಂದು ಕೋಲು ನಿಲ್ಲಿಸಿ ನೋಡಿ! ಬಯಲುಸೀಮೆಯ ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಸುತ್ತುಹಾಕಿ ಹೊರಬರುತ್ತದೆ, ಹಿಂದಕ್ಕೆ ಹೋಗುವ ಪ್ರಮೇಯವೇ ಕಡಿಮೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕೊಟ್ಟಿಗೆ ಇರುವ ನಮ್ಮ ಅಂಗಳಗಳಲ್ಲಿ ದಿನವೂ ಹಿಂದಕ್ಕೇ ಹೋಗಬೇಕು.

ಮುಂದಕ್ಕೆ ಹೋಗುವಾಗ ಮಾತ್ರ ನಾಲ್ಕು ಚಕ್ರದ್ದೇ ವಿಧೇಯ. ಕೊಂಡಿ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತಿದರೆ 3 ಮೀಟರ್ ಹಿಂದಿರುವ ಅಚ್ಚು ಸುತ್ತುವುದು 4 ಮೀಟರ್ ತ್ರಿಜ್ಯದಲ್ಲಿ (ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ). ಅಂದರೆ ಟ್ರೇಲರ್ ಒಂದು ಮೀಟರ್ ಒಳಕ್ಕೆ ಕತ್ತರಿಸುತ್ತದೆ, ಉಣುಗೋಲಿನ ಕಲ್ಲುಕಂಬ ಅಲ್ಲಿದ್ದರೆ ಅದನ್ನೂ ಸೇರಿಸಿ. ಅಷ್ಟೇ ದೊಡ್ಡ ನಾಲ್ಕು ಚಕ್ರದ್ದು ಒಳಕ್ಕೆ ಬರುವುದು ಸುಮಾರು ಮುಕ್ಕಾಲು ಮೀಟರ್. ಕೊಂಡಿಯಿಂದ ಅಚ್ಚಿಗೆ 8 ಮೀಟರ್ ಇರುವ ಪ್ರವಾಸದ ಟ್ರೇಲರನ್ನು 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಎಳೆದರೆ 4 ಮೀಟರ್ ಒಳಕ್ಕೆ ಬರುತ್ತದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಅದು ಮೊದಲನೆಯದನ್ನೂ ದಾಟಲಾರದು. ಭಾರೀ ವಾಹನಗಳಿಗೆ ಆ ದಾರಿಯಲ್ಲಿ ನಿರ್ಬಂಧ ಹೇರುತ್ತ ಬಂದಿರುವುದು ಸುಮ್ಮನೆ ಅಲ್ಲ.

ಅಣ್ಣನ 'ಭದ್ರ' ಎಂಬ ಮಾತಿಗೂ ಒಂದು ಮಿತಿ ಇದೆ. ನೇರ ನಿಂತಾಗ ನಾಲ್ಕು ಚಕ್ರದ ಟ್ರೇಲರಿನ ಆಸರೆ ಒಂದು ಆಯತ. ಮುಂದಿನ ಅಚ್ಚು ಪೂರ್ತಿ ಅಡ್ಡ ತಿರುಗಿದಾಗ ಮುಂದಿನ ಎರಡು ಚಕ್ರಗಳು ಪೆಟ್ಟಿಗೆಯ ನಡುಗೆರೆಗೆ ಬಂದು ಆಸರೆ ಹೆಚ್ಚುಕಡಿಮೆ ತ್ರಿಕೋನವಾಗುತ್ತದೆ. ಹುಲ್ಲು ಎತ್ತರಕ್ಕೆ ಹೇರಿ ಬಿಗಿ ತಿರುವು ತೆಗೆಯುವಾಗ ಅದು ಮುಂಮೂಲೆಗೆ ವಾಲಿ ಮಗುಚುವುದು ಹೀಗೆ. ಆದರೆ ಟ್ರ್ಯಾಕ್ಟರ್ ಬಿಚ್ಚಿದ ಮೇಲೂ ತನ್ನಷ್ಟಕ್ಕೆ ನಿಲ್ಲುವುದು ಅದರ ದೊಡ್ಡ ಗುಣ. ಕಣದಲ್ಲಿ ಟ್ರೇಲರ್ ಬಿಟ್ಟು, ಆಳುಗಳು ಹುಲ್ಲು ಹೇರುವಷ್ಟರಲ್ಲಿ ಟ್ರ್ಯಾಕ್ಟರ್ ಇನ್ನೊಂದು ಗದ್ದೆ ಉತ್ತು ಬರಬಹುದು. ಎರಡು ಚಕ್ರದ್ದಕ್ಕೆ ಮುಂದೆ ಗಟ್ಟಿ ಸ್ಟ್ಯಾಂಡು ಕೊಡಬೇಕು. ಹೇರುವಾಗ ಭಾರ ಹಿಂದಾದರೆ ಮೂಕಿ ಎದ್ದೇ ಏಳುತ್ತದೆ.

ಎಷ್ಟು ಹೊರಬೇಕು?

ಹಸಿ ಅಡಿಕೆ ಒಂದು ಕ್ವಿಂಟಾಲಿಗೆ ಕೆಂಪಡಿಕೆ ಸಿಗುವುದು ಸುಮಾರು 13 ಕಿಲೋ. ಹತ್ತು ಕ್ವಿಂಟಾಲ್ ಕೆಂಪಡಿಕೆ ಮಾಡುವ ಮನೆ ವರ್ಷಕ್ಕೆ ಸಾಗಿಸಬೇಕಾದ ಹಸಿ ಅಡಿಕೆ ಸುಮಾರು 77 ಕ್ವಿಂಟಾಲ್. ಅದೂ ಮೂರು ನಾಲ್ಕು ಕೊಯ್ಲಿನಲ್ಲಿ ಹಂಚಿಕೊಂಡು. ಅಂದರೆ ಒಂದು ಕೊಯ್ಲಿಗೆ ಎರಡು, ಎರಡೂವರೆ ಟನ್. ಎರಡು ಚಕ್ರದ ಸಾಧಾರಣ ಟ್ರೇಲರಿಗೆ ಇದು ಒಂದೆರಡು ಸಲದ ಕೆಲಸ. ದರಕು, ಸೊಪ್ಪು, ಹುಲ್ಲು ಜಾಗ ಬೇಡುತ್ತವೆಯೇ ಹೊರತು ತೂಕವಿಲ್ಲ. ಮಣ್ಣು, ಜಲ್ಲಿ, ಕಲ್ಲು ಮಾತ್ರ ಪೆಟ್ಟಿಗೆ ತುಂಬುವ ಮೊದಲೇ ಮಿತಿ ಮುಟ್ಟುತ್ತವೆ. ಅವಕ್ಕಾಗಿ ಪೆಟ್ಟಿಗೆಯ ಒಳಗೋಡೆಗೆ ಒಂಬತ್ತು ಅಂಗುಲದ ಎತ್ತರದಲ್ಲಿ ಬಿಳಿ ಗೆರೆ ಎಳೆದುಕೊಂಡರೆ ಸಾಕು. ಬಾಡಿಗೆಗೆ ಟಾರು ರಸ್ತೆಯಲ್ಲಿ ಇಟ್ಟಿಗೆ, ಮರಳು ಹೊಡೆಯುವವರ ಲೆಕ್ಕ ಬೇರೆ. ಅವರಿಗೆ ಬ್ರೇಕಿರುವ ನಾಲ್ಕು ಚಕ್ರದ್ದೇ ಒಳ್ಳೆಯದು. ದಿಬ್ಬಣಕ್ಕೆ, ಜಾತ್ರೆಗೆ ಜನರನ್ನು ಕೂರಿಸುವ ಯೋಚನೆ ಯಾವ ಟ್ರೇಲರಿನಲ್ಲೂ ಬೇಡ. ಅದು ಕಾನೂನಿಗೆ ವಿರುದ್ಧ. ಅಲ್ಲದೆ, ಮೂಟೆಗಳಂತೆ ಜನ ಒಂದೇ ಕಡೆ ಕೂರುವುದಿಲ್ಲ. ಎಲ್ಲರೂ ಹಿಂಬಾಗಿಲಿಗೆ ಬಂದು ಕಾಲು ಇಳಿಬಿಟ್ಟರೆ ಕೊಂಡಿಯ ಭಾರದ ಗತಿ ಏನಾಗುತ್ತದೆ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ.

ಅಣ್ಣತಮ್ಮಂದಿರು ಕೊನೆಗೆ ಎರಡು ಚಕ್ರದ್ದನ್ನೇ ತಂದರು. ಟ್ರ್ಯಾಕ್ಟರಿನ ಮೂತಿಗೆ ಹೆಚ್ಚುವರಿ ತೂಕದ ಎರಕದ ಬಿಲ್ಲೆಗಳನ್ನೂ ಹಾಕಿಸಿದರು. ತಂದ ದಿನ ಗಾಡಿ ಹೊಡೆದು ಪಳಗಿದ ಅಪ್ಪಯ್ಯ ಜಗಲಿಯಿಂದ ಇಳಿದು ಬಂದು ಒಂದು ಉಪಾಯ ಹೇಳಿದರು. ಅದನ್ನು ಯಾರು ಬೇಕಾದರೂ ಮಾಡಬಹುದು. ಸಮನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿರುವ ಟ್ರೇಲರಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಅಡಿಕೆ ಮೂಟೆ ತೂಗುವ ಕಾಟಾವನ್ನು ಜಂಬಿಟ್ಟಿಗೆ ಕಲ್ಲುಗಳ ಮೇಲೆ ಕೊಂಡಿಯ ಎತ್ತರಕ್ಕೆ ಅಲುಗದಂತೆ ಇಡಿ. ಎಳೆಗೋಲಿನ ತುದಿಯನ್ನು ಅದರ ಮೇಲೆ ಕೂರಿಸಿ, ಸ್ಟ್ಯಾಂಡನ್ನು ಮೇಲಕ್ಕೆ ತೆಗೆಯಿರಿ. ಕಾಟಾ ತೋರಿಸುವುದೇ ಕೊಂಡಿಯ ಭಾರ. ಕಾಟಾದ ಮಿತಿ ಮೀರದಂತೆ ಅರ್ಧ ಲೋಡಿನಲ್ಲಿ ನೋಡಿದರೂ ಸಾಕು, ಒಟ್ಟು ತೂಕದ ಎಂಟನೆಯ ಒಂದು ಪಾಲಿನ ಆಸುಪಾಸು ಬರಬೇಕು. ಅಪ್ಪಯ್ಯ ಹಿಂಬಾಗಿಲ ಬಳಿಯ ಎರಡು ಮೂಟೆಗಳನ್ನು ಮುಂದಕ್ಕೆ ತರಿಸಿ ಮತ್ತೊಮ್ಮೆ ಕಾಟಾ ನೋಡಿದರು. ಪೆಟ್ಟಿಗೆಯ ಪಕ್ಕದ ಹಲಗೆಗೆ ಅಚ್ಚಿನ ನೇರಕ್ಕೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, ಭಾರದ್ದೆಲ್ಲ ಇದರ ಮುಂದೆಯೇ ಬೀಳಬೇಕೆಂದು ಆಳುಗಳಿಗೆ ತೋರಿಸಿ ಒಳಗೆ ಹೋದರು.